ಗಮ್ ಪೇಂಟ್ ಸಾಕೋ, ಕ್ಲೀನಿಂಗ್ ಬೇಕೋ? ವಸಡಿನ ರೋಗಕ್ಕೆ ಯಾವುದು, ಯಾವಾಗ

"ಅಣ್ಣಾ, ಹಲ್ಲು ತಿಕ್ಕುವಾಗ ರಕ್ತ ಬರಾಕತ್ತೈತಿ. ಏನರ ಹಚ್ಚೋದು ಕೊಡ್ರಿ."

ಗಂಗಾವತಿಯ ನನ್ನ ಮೆಡಿಕಲ್ ಅಂಗಡಿಯ ಕೌಂಟರಿನಲ್ಲಿ ವಾರಕ್ಕೆ ನಾಲ್ಕಾರು ಸಲವಾದರೂ ಈ ಮಾತು ಕೇಳುತ್ತೇನೆ. ಕೇಳುವವರು ಬೇರೆ ಬೇರೆ. ಅಕ್ಕಿ ಮಿಲ್ಲಿನ ಹಮಾಲರು, ಕಾರಟಗಿ ಕಡೆಯ ಭತ್ತದ ರೈತರು, ಕಾಲೇಜು ಹುಡುಗಿಯರು, ಬಸುರಿ ಹೆಂಡತಿಯನ್ನು ಹೊರಗೆ ಬೈಕಿನ ಮೇಲೆ ಕೂರಿಸಿ ಒಳಗೆ ಬಂದ ಗಂಡ. ಬಹಳ ವರ್ಷ ನಾನು ಇವರಿಗೆಲ್ಲ ಒಂದೇ ಮದ್ದು ಕೊಟ್ಟೆ: ಗಮ್ ಪೇಂಟಿನ ಚಿಕ್ಕ ಬಾಟ್ಲಿ. ಬೆರಳಿಗೆ ಹಚ್ಚಿಕೊಂಡು ವಸಡು ತಿಕ್ಕಿ, ಸ್ವಲ್ಪ ಹೊತ್ತು ಬಿಟ್ಟು ಮುಕ್ಕಳಿಸಿ ಉಗುಳಿ. ಅಷ್ಟು ಹೇಳಿ ದುಡ್ಡು ಗಲ್ಲಾಪೆಟ್ಟಿಗೆಗೆ.

ನಮ್ಮ ಅವ್ವನಿಗೂ ಅದನ್ನೇ ಕೊಟ್ಟೆ. ಎರಡು ವರ್ಷ. ಅವ್ವನಿಗೆ ಸಕ್ಕರೆ ಕಾಯಿಲೆ ಇದೆ. ಕಡಕ್ ರೊಟ್ಟಿಯನ್ನು ಕಟುಂ ಎಂದು ಮುರಿದು ತಿನ್ನುತ್ತಿದ್ದವಳು ಅದನ್ನು ಸಾರಿನಲ್ಲಿ ನೆನೆಸತೊಡಗಿದಾಗ ಮನೆಯಲ್ಲಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ, ವಯಸ್ಸಾಯಿತಲ್ಲ ಅಂದುಕೊಂಡೆವು. ಕೊನೆಗೆ ದಂತವೈದ್ಯರ ಹತ್ತಿರ ಕರೆದುಕೊಂಡು ಹೋದಾಗ ಕೆಳಗಿನ ಮುಂದಿನ ಎರಡು ಹಲ್ಲು ಬೆರಳು ತಾಗಿಸಿದರೆ ಅಲ್ಲಾಡುತ್ತಿದ್ದವು. ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು, "ಗ್ವಾಡಿಗೆ ಬಣ್ಣ ಹಚ್ಚೀರಿ, ಪಾಯ ಕುಸದೈತಿ" ಅಂದರು. ಎರಡೂ ಹಲ್ಲು ಕೀಳಬೇಕಾಯಿತು.

ಆಮೇಲೆ ನನ್ನದೇ ಕಪಾಟನ್ನು ಬೇರೆ ಕಣ್ಣಿನಿಂದ ನೋಡತೊಡಗಿದೆ. ಅಲ್ಲಿರುವ ಯಾವ ಬಾಟ್ಲಿ ಏನು ಮಾಡುತ್ತದೆ, ಏನು ಮಾಡುವುದಿಲ್ಲ, ಯಾವ ಹಂತದಲ್ಲಿ ಅಂಗಡಿ ಬಿಟ್ಟು ಕ್ಲಿನಿಕ್ಕಿಗೆ ನಡೆಯಬೇಕು ಎಂಬುದನ್ನು ಮಾರುವವನ ಕಡೆಯಿಂದಲೇ ಬರೆಯುತ್ತಿದ್ದೇನೆ. ನಾನು ಡಾಕ್ಟರಲ್ಲ. ಆದರೆ ಈ ಕಾಯಿಲೆಗೆ ಜನ ಎಲ್ಲೆಲ್ಲಿ ದುಡ್ಡು ಸುರಿಯುತ್ತಾರೆ ಎಂಬುದು ನನಗೆ ಗೊತ್ತಿರುವಷ್ಟು ಡಾಕ್ಟರಿಗೂ ಗೊತ್ತಿರಲಿಕ್ಕಿಲ್ಲ.

ಕೊಳೆ ಮೇಲಿದೆಯೋ, ಒಳಗಿದೆಯೋ

ಆಯ್ಕೆಯೆಲ್ಲ ನಿಂತಿರುವುದು ಈ ಒಂದು ಪ್ರಶ್ನೆಯ ಮೇಲೆ.

ರಾತ್ರಿ ಮಲಗಿ ಎದ್ದಾಗ ಹಲ್ಲಿನ ಮೇಲೆ ನಾಲಿಗೆಗೆ ಲೋಳೆಯಂತೆ ಹತ್ತುತ್ತದಲ್ಲ, ಅದು ಪ್ಲಾಕ್, ಸೂಕ್ಷ್ಮಜೀವಿಗಳ ಪೊರೆ. ಮೆತ್ತಗಿರುವಾಗ ಬ್ರಷ್ಷಿಗೆ ಬಿಟ್ಟುಬರುತ್ತದೆ. ಬಿಟ್ಟರೆ ಒಂದೆರಡು ದಿನದಲ್ಲೇ ಎಂಜಲಿನ ಸುಣ್ಣದಂಶ ಹೀರಿ ಗಟ್ಟಿಯಾಗತೊಡಗುತ್ತದೆ. ನಮ್ಮ ಕಡೆ ಬೋರಿನ ನೀರು ತುಂಬಿದ ಕೊಡಕ್ಕೆ ಒಳಗೆ ಬಿಳಿ ಗಾರೆ ಹತ್ತುತ್ತದಲ್ಲ, ಥೇಟ್ ಹಾಗೆ. ಕೊಡದ ಗಾರೆ ಸೋಪಿಗೆ ಹೋಗುತ್ತದೆಯೇ? ಹೀಗೆ ಗಟ್ಟಿಯಾದ ಹಲ್ಲಿನ ಕಿಟ್ಟವೂ ಬ್ರಷ್ಷಿಗೆ, ಪೇಸ್ಟಿಗೆ, ಉಪ್ಪುನೀರಿಗೆ ಹೋಗುವುದಿಲ್ಲ. ಕೆರೆದೇ ತೆಗೆಯಬೇಕು. ಎಂಜಲು ಊರುವ ಬಾಯಿಗಳಲ್ಲೊಂದು ಕೆಳಗಿನ ಮುಂದಿನ ಹಲ್ಲುಗಳ ಹಿಂದೆಯೇ, ನಾಲಿಗೆಯ ಅಡಿಯಲ್ಲಿದೆ. ಅದಕ್ಕೇ ಕಿಟ್ಟ ಮೊದಲು ಕೂರುವುದು ಅಲ್ಲಿ. ಅವ್ವನ ಹಲ್ಲು ಹೋದದ್ದೂ ಅಲ್ಲೇ.

ಕೊಳೆ ವಸಡಿನ ಅಂಚಿನಲ್ಲಿ ನಿಂತು ವಸಡು ಕೆಂಪಾಗಿ, ಊದಿ, ಮುಟ್ಟಿದರೆ ರಕ್ತ ಬರುವುದು ಮೊದಲ ಹಂತ. ಡಾಕ್ಟರುಗಳು ಇದನ್ನು ಜಿಂಜಿವೈಟಿಸ್ ಎನ್ನುತ್ತಾರೆ. ಈ ಹಂತದ ಒಳ್ಳೆಯ ಸುದ್ದಿ 1965ರಲ್ಲೇ ಖಚಿತವಾಗಿತ್ತು. ಹಾರಾಲ್ಡ್ ಲೋ ಎಂಬ ಸಂಶೋಧಕ ಡೆನ್ಮಾರ್ಕಿನಲ್ಲಿ 12 ಮಂದಿ ಆರೋಗ್ಯವಂತರಿಗೆ ಹಲ್ಲುಜ್ಜುವುದನ್ನೇ ನಿಲ್ಲಿಸಿ ಎಂದರು. 10ರಿಂದ 21 ದಿನಗಳೊಳಗೆ ಅಷ್ಟೂ ಜನರ ವಸಡು ಊದಿಕೊಂಡಿತು. ಮತ್ತೆ ಉಜ್ಜಲು ಶುರುಮಾಡಿದ ಮೇಲೆ ಸುಮಾರು ಒಂದು ವಾರದಲ್ಲಿ ಮೊದಲಿನಂತಾಯಿತು. ಅಂದರೆ ಇಲ್ಲಿಂದ ಪೂರ್ತಿ ಹಿಂದಕ್ಕೆ ಬರಬಹುದು.

ಎರಡನೆಯದು ಪೆರಿಯೋಡಾಂಟೈಟಿಸ್. ಹಲ್ಲಿನ ಕುತ್ತಿಗೆಗೆ ಬಿಗಿಯಾಗಿ ಅಂಟಿಕೊಂಡಿರಬೇಕಾದ ವಸಡು ಬಿಟ್ಟುಕೊಂಡು ಜೇಬಿನಂತೆ ಸಂದು ಬೀಳುತ್ತದೆ, ಕೊಳೆ ಅದರೊಳಗಿಳಿಯುತ್ತದೆ, ಹಲ್ಲನ್ನು ಹಿಡಿದ ದವಡೆಯ ಎಲುಬು ಕರಗತೊಡಗುತ್ತದೆ. ಆರೋಗ್ಯವಂತ ವಸಡಿನಲ್ಲಿ ಈ ಸಂದು 1ರಿಂದ 3 ಮಿಲಿಮೀಟರ್. 4 ಮುಟ್ಟಿದರೆ ಸಂಶಯ, 6 ಮುಟ್ಟಿದರೆ ಆಳ. ಬ್ರಷ್ಷಿನ ಎಳೆ ವಸಡಿನೊಳಗೆ ಒಂದು ಮಿಲಿಮೀಟರ್ ಇಳಿದರೇ ಹೆಚ್ಚು. ಲೆಕ್ಕ ನೀವೇ ಹಾಕಿ. ಕರಗಿದ ಎಲುಬು ಸಾಮಾನ್ಯವಾಗಿ ಮತ್ತೆ ಬೆಳೆಯುವುದಿಲ್ಲ. ಚಿಕಿತ್ಸೆ ಮಾಡುವುದು ಉಳಿದದ್ದನ್ನು ಉಳಿಸುವ ಕೆಲಸ.

ಇಷ್ಟು ಹೇಳಿದ ಕೂಡಲೇ ಒಬ್ಬರಾದರೂ, "ನಮ್ಮ ಮುತ್ಯಾ ಜನ್ಮದಾಗ ಬ್ರಷ್ ಮುಟ್ಟಿಲ್ಲ, ಎಂಬತ್ತಕ್ಕೂ ಕಬ್ಬು ಸಿಗದು ತಿಂತಿದ್ದ" ಎನ್ನುತ್ತಾರೆ. ಸುಳ್ಳಲ್ಲ. ಅದೇ ಲೋ ಅವರ ತಂಡ ಶ್ರೀಲಂಕಾದ 480 ಚಹಾತೋಟದ ಕೂಲಿಗಳನ್ನು 1970ರಿಂದ 15 ವರ್ಷ ಗಮನಿಸಿತ್ತು. ಅವರಿಗೆ ದಂತವೈದ್ಯರೂ ಇರಲಿಲ್ಲ, ಹಲ್ಲುಜ್ಜುವ ರೂಢಿಯೂ ಇರಲಿಲ್ಲ. ಅವರಲ್ಲಿ ಸುಮಾರು ನೂರಕ್ಕೆ 8 ಜನರ ಹಲ್ಲು ಬಹಳ ಬೇಗ ಸಡಿಲವಾಗಿ ಬಿದ್ದವು, 81 ಜನರದು ನಿಧಾನವಾಗಿ ಹಾಳಾಯಿತು, 11 ಜನರಿಗೆ ವಸಡಿನ ಊತದಾಚೆಗೆ ಏನೂ ಆಗಲಿಲ್ಲ. ನಿಮ್ಮ ಮುತ್ಯಾ ಆ 11ರಲ್ಲಿದ್ದಿರಬೇಕು. ನೀವು ಯಾವುದರಲ್ಲಿದ್ದೀರಿ ಎಂಬುದು ಹಣೆಯ ಮೇಲೆ ಬರೆದಿರುವುದಿಲ್ಲ.

ಮನೆಯಲ್ಲಿ ನೋಡಿಕೊಳ್ಳುವುದು ಹೇಗೆ? ಉಗುಳು ನಸುಗೆಂಪಾಗಿದೆ, ವಸಡಿನ ಅಂಚು ಊದಿದೆ, ಅಷ್ಟೇ ಅಂದರೆ ಮೊದಲ ಹಂತ ಇರಬಹುದು. ಹಲ್ಲು ಮೊದಲಿಗಿಂತ ಉದ್ದ ಕಾಣುತ್ತಿದೆ, ಮುಂಚೆ ಇಲ್ಲದ ಸಂದಿನಲ್ಲಿ ಈಗ ಊಟ ಸಿಕ್ಕಿಕೊಳ್ಳುತ್ತದೆ, ವಸಡು ಒತ್ತಿದರೆ ಕೀವು, ಎಷ್ಟು ತಿಕ್ಕಿದರೂ ಹೋಗದ ವಾಸನೆ, ಮುಂದಿನ ಹಲ್ಲುಗಳು ಬೀಸಣಿಗೆಯಂತೆ ಅಗಲುತ್ತಿವೆ. ಇವು ಎರಡನೆಯದರ ಗುರುತು. ನೋವನ್ನು ಮಾತ್ರ ನಂಬಬೇಡಿ. ಹಲ್ಲಿನ ಹುಳುಕು ರಾತ್ರಿ ನಿದ್ದೆಗೆಡಿಸುತ್ತದೆ, ವಸಡಿನ ರೋಗ ಸದ್ದಿಲ್ಲದೆ ನಡೆಯುತ್ತದೆ.

ರಕ್ತವನ್ನೂ ಪೂರ್ತಿ ನಂಬುವಂತಿಲ್ಲ. ಬೀಡಿ ಸಿಗರೇಟು ಸೇದುವವರ ವಸಡಿಗೆ ರಕ್ತ ಹರಿಯುವುದೇ ಕಡಿಮೆಯಾಗಿ, ಒಳಗೆ ರೋಗ ಜೋರಾಗಿದ್ದರೂ ಹೊರಗೆ ರಕ್ತ ಕಾಣಿಸದೇ ಹೋಗುತ್ತದೆ. ಚಟ ಬಿಟ್ಟ ಮೇಲೆ ರಕ್ತ ಕಾಣಿಸಿಕೊಂಡು, "ಬಿಟ್ಟಿದ್ದಕ್ಕೇ ಹಿಂಗಾತು" ಎಂದು ಮತ್ತೆ ಶುರುಮಾಡಿದವರನ್ನು ಕಂಡಿದ್ದೇನೆ.

ವಸಡು ಊದಿದ್ದೆಲ್ಲ ಕೊಳೆಯಿಂದಲೇ ಅಲ್ಲ ಎಂಬುದೂ ನೆನಪಿರಲಿ. ಬಿ.ಪಿ.ಗೆ ಕೊಡುವ ಆಮ್ಲೋಡಿಪಿನ್, ನಿಫೆಡಿಪಿನ್, ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್ ಕೆಲವರ ವಸಡನ್ನು ಹಲ್ಲಿನ ಮೇಲೆ ಏರುವಂತೆ ಬೆಳೆಸುತ್ತವೆ. ಗುಳಿಗೆಯನ್ನು ನೀವಾಗಿ ನಿಲ್ಲಿಸಬೇಡಿ, ಬರೆದುಕೊಟ್ಟ ಡಾಕ್ಟರಿಗೆ ಹೇಳಿ. ವಸಡಿನಿಂದ ತಾನಾಗಿಯೇ ರಕ್ತ ಬರುತ್ತಿದ್ದು ಮೈಮೇಲೆ ಕಾರಣವಿಲ್ಲದೆ ನೀಲಿ ಕಲೆ, ಜ್ವರ, ಸುಸ್ತು ಇದ್ದರೆ ಅದು ಹಲ್ಲಿನ ಡಾಕ್ಟರದಲ್ಲ, ಫಿಜಿಷಿಯನ್‌ರ ಕೆಲಸ. ಮೊದಲು ರಕ್ತ ಪರೀಕ್ಷೆ.

ಕಲೆ ಬೇರೆ, ಕಿಟ್ಟ ಬೇರೆ

ಈ ಗೊಂದಲ ನಮ್ಮ ಸೀಮೆಗೇ ವಿಶೇಷ. ಕೊಪ್ಪಳ, ರಾಯಚೂರು, ಬಳ್ಳಾರಿ ಜಿಲ್ಲೆಗಳ ಎಷ್ಟೋ ಊರುಗಳಲ್ಲಿ ಬೋರಿನ ನೀರಿಗೆ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಒಂದು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5 ತನಕ ಎನ್ನುತ್ತದೆ ಭಾರತೀಯ ಮಾನಕ. ಅದಕ್ಕಿಂತ ಹೆಚ್ಚಿನದನ್ನು ಚಿಕ್ಕಂದಿನಲ್ಲಿ, ಹಲ್ಲು ಇನ್ನೂ ವಸಡಿನೊಳಗೆ ರೂಪುಗೊಳ್ಳುತ್ತಿರುವಾಗ ಕುಡಿದವರ ಹಲ್ಲು ಸುಣ್ಣದ ಬಿಳಿ ಗೆರೆ, ಹಳದಿ, ಕಂದು ಕಲೆ ಹೊತ್ತುಕೊಂಡೇ ಹುಟ್ಟುತ್ತವೆ.

ಈ ಕಲೆ ಹಲ್ಲಿನ ಮೈಯೊಳಗಿನದು. ತಿಕ್ಕಿದರೆ ಹೋಗುವುದಿಲ್ಲ, ಸ್ಕೇಲಿಂಗ್, ಅಂದರೆ ಡಾಕ್ಟರ ಹತ್ತಿರ ಯಂತ್ರದಿಂದ ಕಿಟ್ಟ ತೆಗೆಸುವ ಕ್ಲೀನಿಂಗ್, ಮಾಡಿಸಿದರೂ ಹೋಗುವುದಿಲ್ಲ. ಆದರೆ ಕುಷ್ಟಗಿ, ಯಲಬುರ್ಗಾ ಕಡೆಯ ಹುಡುಗರು ಅದನ್ನು ಕೊಳೆ ಎಂದುಕೊಂಡು, ಮದುವೆಯ ಮಾತು ಬಂದ ಕೂಡಲೇ, ಗಡಸು ಬ್ರಷ್ಷು, ಇಟ್ಟಿಗೆ ಪುಡಿ, ಬೂದಿ ಹಿಡಿದು ತಿಕ್ಕುತ್ತಾರೆ. ಕಲೆ ಅಲ್ಲೇ ಇರುತ್ತದೆ, ವಸಡು ಮಾತ್ರ ಸವೆದು ಹಲ್ಲಿನ ಬೇರು ಬಯಲಾಗುತ್ತದೆ. ಸಂತೆಯಲ್ಲಿ ಬಾಟ್ಲಿಯ ಮದ್ದು ಹತ್ತಿಗೆ ಅದ್ದಿ ಒರೆಸಿ ಎರಡೇ ನಿಮಿಷದಲ್ಲಿ ಹಲ್ಲು ಬೆಳ್ಳಗೆ ಮಾಡುವವರ ಹತ್ತಿರವಂತೂ ಸುಳಿಯಬೇಡಿ. ಅಂಥ ಮದ್ದಿನಲ್ಲಿ ಆಸಿಡ್ ಇದ್ದರೆ ಕರಗುವುದು ಕಲೆಯಲ್ಲ, ಹಲ್ಲಿನ ಮೇಲ್ಪದರ.

ಹೇಗೆ ತಿಳಿಯುವುದು? ಕಲೆ ಹಲ್ಲಿನ ನಡುಮೈಯಲ್ಲಿ, ಎಡಬಲ ಹಲ್ಲುಗಳಲ್ಲಿ ಜೋಡಿಯಾಗಿ ಇರುತ್ತದೆ, ಉಗುರಿಗೆ ನುಣುಪು. ಕಿಟ್ಟ ವಸಡಿನ ಅಂಚಿಗೆ, ಸಂದುಗಳಿಗೆ ಅಂಟಿರುತ್ತದೆ, ಉಗುರಿಗೆ ಒರಟು. ಕಲೆ ಅಂದದ ವಿಚಾರ, ಆಮೇಲೆ ನೋಡಿದರಾಯಿತು. ಕಿಟ್ಟಕ್ಕೆ ಕಾಯುವಷ್ಟು ತಾಳ್ಮೆಯಿಲ್ಲ.

ನನ್ನ ಕಪಾಟಿನಲ್ಲಿ ಇರುವುದು

ಗಮ್ ಪೇಂಟ್. ಬಾಟ್ಲಿಯ ಮೇಲಿನ ಚಿಕ್ಕ ಅಕ್ಷರ ಓದಿದರೆ ಹೆಚ್ಚಿನವುಗಳಲ್ಲಿ ಟ್ಯಾನಿಕ್ ಆಸಿಡ್‌ನಂಥ ಒಗರು ವಸ್ತು ಇರುತ್ತದೆ, ಅಳಲೆಕಾಯಿ ಬಾಯಿಗೆ ಹಾಕಿಕೊಂಡರೆ ಹೇಗೆ ಬಾಯಿ ಬಿಗಿಯುತ್ತದೋ ಹಾಗೆ. ಊದಿದ ವಸಡು ಒಂದಿಷ್ಟು ಬಿಗಿಯುತ್ತದೆ, ರಕ್ತ ತಾತ್ಕಾಲಿಕವಾಗಿ ಕಡಿಮೆಯಾಗುತ್ತದೆ. ಬೆರಳಲ್ಲಿ ವಸಡು ನೀವಿದ ಹಿತವೂ ಸೇರಿಕೊಳ್ಳುತ್ತದೆ. ಕಿಟ್ಟ ಇದ್ದಲ್ಲೇ ಇರುತ್ತದೆ. ಬಾಗಿಲಿಗೆ ಬಂದು ಕೂಗುತ್ತಿದ್ದವನ ಬಾಯಿ ಮುಚ್ಚಿಸಿದಂತೆ ಅಷ್ಟೇ, ಮನೆಗೆ ಹತ್ತಿದ ಬೆಂಕಿ ಆರಿಲ್ಲ. ಅಪಾಯ ಇರುವುದು ಇಲ್ಲೇ.

ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್. ಇಡೀ ಕಪಾಟಿನಲ್ಲಿ ನಿಜವಾಗಿ ಕೆಲಸ ಮಾಡುವ ಔಷಧಿ ಇದೊಂದೇ ಎಂದರೂ ನಡೆಯುತ್ತದೆ, ಆದರೆ ಮೆತ್ತಗಿನ ಪ್ಲಾಕ್ ಮೇಲೆ ಮಾತ್ರ. ಗಟ್ಟಿಯಾದದ್ದನ್ನು ಕರಗಿಸದು, ಆಳದ ಸಂದಿಗೆ ಇಳಿಯದು. ಸ್ಕೇಲಿಂಗ್ ಆದಮೇಲೆ, ಸರ್ಜರಿ ಆದಮೇಲೆ ಬ್ರಷ್ ಮುಟ್ಟಿಸಲಾಗದ ದಿನಗಳಿಗೆ ಸರಿಯಾದ ಜೊತೆಗಾರ. 0.2 ಶೇಕಡಾದ್ದಾದರೆ 10 ಮಿಲಿಲೀಟರ್, ಒಂದು ನಿಮಿಷ, ದಿನಕ್ಕೆ ಎರಡು ಸಲ, ಸುಮಾರು ಎರಡು ವಾರ, ಡಾಕ್ಟರು ಹೇಳಿದಷ್ಟು. ಪೇಸ್ಟಿನಲ್ಲಿ ಹಲ್ಲುಜ್ಜಿದ ತಕ್ಷಣ ಹಾಕಿಕೊಂಡರೆ ಪೇಸ್ಟಿನ ನೊರೆ ಇದರ ಶಕ್ತಿ ತಿಂದುಹಾಕುತ್ತದೆ, ಅರ್ಧ ತಾಸು ಬಿಡಿ. ತಿಂಗಳುಗಟ್ಟಲೆ ಬಳಸಿದರೆ ಹಲ್ಲಿಗೆ ಕಂದು ಬಣ್ಣ ಹಿಡಿಯುತ್ತದೆ, ನಾಲಿಗೆಗೆ ರುಚಿ ಕೆಡುತ್ತದೆ. "ಮೌತ್‌ವಾಶ್ ಹಾಕಿ ಹಲ್ಲು ಕೆಟ್ಟವು" ಎಂದು ಜಗಳಕ್ಕೆ ಬಂದವರ ಬಾಟ್ಲಿ ನೋಡಿದರೆ ಆರನೆಯದೋ ಏಳನೆಯದೋ. ಬಣ್ಣಬಣ್ಣದ ಬಾಯಿ ಸುವಾಸನೆಯ ಬಾಟ್ಲಿಗಳು ಬೇರೆ, ಅವನ್ನು ಇದರ ಬದಲು ತರಬೇಡಿ.

ಆ್ಯಂಟಿಬಯಾಟಿಕ್. ಇಲ್ಲಿ ನಮ್ಮ ಕಸುಬಿನವರೇ ತಪ್ಪಿತಸ್ಥರು. ಚೀಟಿ ಇಲ್ಲದೆ ಕೊಡಬಾರದ ಗುಳಿಗೆಗಳನ್ನು ನಾಲ್ಕು ಕತ್ತರಿಸಿ ಕೊಡುವುದು ಊರೂರಲ್ಲೂ ನಡೆದಿದೆ. ಅಮಾಕ್ಸಿಸಿಲಿನ್, ಮೆಟ್ರೋನಿಡಜೋಲ್ ನುಂಗಿದರೆ ಊತ ಇಳಿಯುತ್ತದೆ, ತಿಂಗಳೊಪ್ಪತ್ತಿನಲ್ಲಿ ಮರಳಿ ಬರುತ್ತದೆ. ಪೊರೆ ಕಟ್ಟಿಕೊಂಡು ಕೂತ ಸೂಕ್ಷ್ಮಜೀವಿಗಳಿಗೆ ಔಷಧಿ ಸರಿಯಾಗಿ ತಟ್ಟುವುದಿಲ್ಲ, ಮೊದಲು ಆ ಪೊರೆಯನ್ನು ಕೈಯಿಂದ ಒಡೆಯಬೇಕು. ಕೆಲವರಿಗೆ ಡಾಕ್ಟರು ಆಳದ ಕ್ಲೀನಿಂಗ್ ಜೊತೆಗೆ ಇವನ್ನು ಬರೆಯುತ್ತಾರೆ, ಅದು ಸರಿ. ಮೆಟ್ರೋನಿಡಜೋಲ್ ನುಂಗಿ ಸಂಜೆಗೆ ಕುಡಿದವರು ವಾಂತಿ ಮಾಡಿ ಸುಸ್ತಾಗಿ ಬರುವುದೂ ಉಂಟು, ಅದು ಬೇರೆಯದೇ ಕಥೆ.

ಲವಂಗದ ಎಣ್ಣೆ ಹುಳುಕಿನ ನೋವಿಗೆ, ವಸಡಿಗಲ್ಲ. ಹಸಿಯಾಗಿ ಹಚ್ಚಿದರೆ ವಸಡು ಸುಡುತ್ತದೆ. ವಿಟಮಿನ್ ಸಿ ಗುಳಿಗೆ ಅದರ ಕೊರತೆ ಇದ್ದವರಿಗಷ್ಟೇ ಬೇಕು, ಪೇರಲ, ನೆಲ್ಲಿಕಾಯಿ ತಿಂದರೆ ಅಗ್ಗ. ಎಣ್ಣೆ ಮುಕ್ಕಳಿಸುವುದರಿಂದ ಬಾಯಿಗೆ ಹಿತವೆನಿಸಬಹುದು, ಕಿಟ್ಟಕ್ಕೆ ಏನೂ ಆಗದು. ಉಗುರುಬೆಚ್ಚಗಿನ ಉಪ್ಪುನೀರು ಊತಕ್ಕೆ ಒಳ್ಳೆಯದು, ಮನೆಯಲ್ಲೇ ಇದೆ. ಅದಕ್ಕೆ ನನ್ನ ಅಂಗಡಿಗೆ ಬರಬೇಕಿಲ್ಲ.

ಬೇವಿನ ಕಡ್ಡಿ, ಕೆಂಪು ಪುಡಿ, ಬ್ರಷ್ಷು

ಬೇವಿನ ಕಡ್ಡಿಯನ್ನು ಹಳೆಯದೆಂದು ತಳ್ಳಿಹಾಕುವವನು ನಾನಲ್ಲ. ತುದಿಯನ್ನು ಚೆನ್ನಾಗಿ ಜಗಿದು ಕುಂಚದಂತೆ ಮೆತ್ತಗೆ ಮಾಡಿ ನಿಧಾನವಾಗಿ ಉಜ್ಜುವವರ ಮುಂದಿನ ಹಲ್ಲು ಸ್ವಚ್ಛವಾಗಿಯೇ ಇರುತ್ತವೆ. ತೊಂದರೆ ಎರಡು. ಕಡ್ಡಿ ಹಿಂದಿನ ದವಡೆ ಹಲ್ಲಿನ ಒಳಮೈಗೆ, ಕೆಳಗಿನ ಹಲ್ಲಿನ ಹಿಂಬದಿಗೆ ಬಾಗುವುದಿಲ್ಲ. ಎರಡನೆಯದು, ನಾವು ಕಡ್ಡಿ ಹಿಡಿದು ಊರ ಸುದ್ದಿ ಮಾತಾಡುತ್ತ ಅರ್ಧ ತಾಸು ಅಡ್ಡಡ್ಡ ತಿಕ್ಕುತ್ತೇವೆ, ವಸಡು ಮೇಲಕ್ಕೆ ಸರಿಯುತ್ತದೆ. ಬೆಳಿಗ್ಗೆ ಕಡ್ಡಿ ಬೇಕೇ ಬೇಕು ಎನ್ನುವವರು ರಾತ್ರಿ ಮಲಗುವ ಮುಂಚೆ ಬ್ರಷ್ ಮಾಡಲಿ. ಎರಡರಲ್ಲಿ ಒಂದನ್ನೇ ಆರಿಸಿ ಎಂದರೆ ಬ್ರಷ್ಷು.

ಕೆಂಪು ಹಲ್ಲುಪುಡಿ ಹಾಗಲ್ಲ. ಕೆಮ್ಮಣ್ಣಿನಂಥ ಒರಟು ಪುಡಿ ಇರುವವನ್ನು ಬೆರಳಲ್ಲಿ ದಿನಾ ತಿಕ್ಕಿದರೆ ಹಲ್ಲಿನ ಕುತ್ತಿಗೆ ಸವೆಯುತ್ತದೆ. ತಂಬಾಕು ಬೆರೆಸಿದ ಹಲ್ಲುಪುಡಿ, ಪೇಸ್ಟುಗಳನ್ನು ಕೇಂದ್ರ ಸರ್ಕಾರ 1992ರಲ್ಲೇ ನಿಷೇಧಿಸಿದೆ. ಆದರೂ ಸುಟ್ಟ ತಂಬಾಕಿನ ಪುಡಿಯಲ್ಲಿ ಹಲ್ಲು ತಿಕ್ಕುವ ಹೆಂಗಸರು ಹಳ್ಳಿಗಳಲ್ಲಿದ್ದಾರೆ. ತಿಕ್ಕದಿದ್ದರೆ ತಲೆನೋವು ಎನ್ನುತ್ತಾರೆ. ಅದು ಹಲ್ಲಿನ ಬೇಡಿಕೆಯಲ್ಲ, ನಿಕೋಟಿನ್‌ನದು.

ಬ್ರಷ್ಷಿನಲ್ಲಿ ಗಡಸು, ಮಧ್ಯಮ, ಮೃದು ಮೂರೂ ಸಿಗುತ್ತವೆ. ಗಿರಾಕಿಗಳು ಎಳೆಯನ್ನು ಬೆರಳಲ್ಲಿ ಒತ್ತಿ ನೋಡಿ ಗಡಸನ್ನೇ ಆರಿಸುತ್ತಾರೆ, ಪಾತ್ರೆ ತಿಕ್ಕುವ ನಾರು ಆರಿಸಿದ ಹಾಗೆ. ಮೃದು ತೆಗೆದುಕೊಳ್ಳಿ. ಎಳೆಗಳು ಹಲ್ಲು ಮತ್ತು ವಸಡು ಕೂಡುವ ಗೆರೆಗೆ ಓರೆಯಾಗಿ, ಸುಮಾರು 45 ಡಿಗ್ರಿಯಲ್ಲಿ ತಾಗಲಿ. ಅಲ್ಲೇ ಸಣ್ಣಗೆ ಅದುರಿಸಿ ಹಲ್ಲಿನ ತುದಿಯ ಕಡೆ ಎಳೆಯಿರಿ. ಎರಡು ನಿಮಿಷ, ದಿನಕ್ಕೆ ಎರಡು ಸಲ. ರಕ್ತ ಬರುವ ಜಾಗವನ್ನು ಬಿಟ್ಟು ಉಜ್ಜುವುದು ಎಲ್ಲರೂ ಮಾಡುವ ತಪ್ಪು. ಉಜ್ಜಬೇಕಾದದ್ದೇ ಆ ಜಾಗ. ಬ್ಯಾಟರಿ ಬ್ರಷ್ಷಿಗೆ ಪ್ಲಾಕ್ ತೆಗೆಯುವುದರಲ್ಲಿ ಸ್ವಲ್ಪ ಮೇಲುಗೈ ಇದೆ. ಕೈಬೆರಳಿಗೆ ಸಂಧಿವಾತ ಇರುವ ಹಿರಿಯರಿಗೆ ಅದು ದುಡ್ಡಿಗೆ ತಕ್ಕದ್ದು. ಉಳಿದವರಿಗೆ ಇಪ್ಪತ್ತು ಮೂವತ್ತು ರೂಪಾಯಿಯ ಮೃದು ಬ್ರಷ್ಷು, ಮೂರು ತಿಂಗಳಿಗೊಮ್ಮೆ ಹೊಸದು.

ಪೇಸ್ಟಿನಲ್ಲಿ ಉಪ್ಪಿದೆ, ಬೇವಿದೆ, ಲವಂಗವಿದೆ ಎಂದು ಜಾಹೀರಾತು ಎಷ್ಟೇ ಕೂಗಲಿ, ವಸಡಿನ ಮಟ್ಟಿಗೆ ಪೇಸ್ಟಿಗಿಂತ ಕೈ ದೊಡ್ಡದು. ಹುಳುಕು ತಡೆಯಲು ಫ್ಲೋರೈಡ್ ಇರುವುದನ್ನೇ ಬಳಸಿ. "ನಮ್ಮ ನೀರಾಗ ಮೊದಲೇ ಫ್ಲೋರೈಡ್ ಐತಿ" ಎಂದು ಹೆದರುವ ದೊಡ್ಡವರಿಗೆ ಒಂದು ಮಾತು: ಬೆಳೆದು ಮುಗಿದ ಹಲ್ಲಿಗೆ ಪೇಸ್ಟಿನಿಂದ ಆ ಕಲೆ ಬರುವುದಿಲ್ಲ, ಉಗುಳಿದರಾಯಿತು. ನುಂಗುವ ವಯಸ್ಸಿನ ಮಕ್ಕಳ ವಿಚಾರ ಬೇರೆ. ಮೂರು ವರ್ಷದೊಳಗೆ ಅಕ್ಕಿಕಾಳಿನಷ್ಟು, ಆರರ ತನಕ ಬಟಾಣಿಯಷ್ಟು, ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಊರಾದರೆ ಡಾಕ್ಟರನ್ನು ಕೇಳಿಯೇ. ಜುಮ್ಮೆನ್ನುವ ಹಲ್ಲಿನ ಪೇಸ್ಟು ಜುಮ್ಮನ್ನು ಅಡಗಿಸುತ್ತದೆ, ವಸಡು ಯಾಕೆ ಸರಿಯಿತು ಎಂದು ಹೇಳುವುದಿಲ್ಲ.

ಇನ್ನು ಹಲ್ಲು ಹಲ್ಲಿನ ನಡುವಿನ ಸಂದಿನ ವಿಚಾರ. ಹಲ್ಲುಗಳು ಒತ್ತಾಗಿದ್ದರೆ ಫ್ಲಾಸ್ ದಾರ. ವಸಡು ಸರಿದು ಸಂದು ಬಿದ್ದಿದ್ದರೆ ದಾರಕ್ಕಿಂತ ಇಂಟರ್‌ಡೆಂಟಲ್ ಬ್ರಷ್ ಮೇಲು, ಬಾಟ್ಲಿ ತೊಳೆಯುವ ಬ್ರಷ್ಷಿನ ಮರಿಯಂತಿರುತ್ತದೆ. ಅವ್ವ ಅದನ್ನು ಬಾಟ್ಲಿ ಬ್ರಷ್ ಎಂದೇ ಕರೆಯುತ್ತಾಳೆ. ಅಳತೆ ಡಾಕ್ಟರ ಹತ್ತಿರವೇ ತಿಳಿದುಕೊಳ್ಳಿ, ಬಿಗಿಯಾದದ್ದನ್ನು ತುರುಕಬಾರದು. ಸೇಫ್ಟಿ ಪಿನ್ನು, ಕಡ್ಡಿಪೆಟ್ಟಿಗೆಯ ಕಡ್ಡಿ, ಕಸಬರಿಗೆ ಕಡ್ಡಿ ಮೂರನ್ನೂ ಬಾಡೂಟದ ಪಂಕ್ತಿಯಲ್ಲಿ ಕಣ್ಣಾರೆ ಕಂಡಿದ್ದೇನೆ. ಬೇಡ.

ತಂಬಾಕು ಸುಣ್ಣ ತಿಕ್ಕಿ ಕೆಳದುಟಿಯೊಳಗೆ ಇಡುವವರು ಒಮ್ಮೆ ಕನ್ನಡಿ ಮುಂದೆ ತುಟಿ ಎಳೆದು ನೋಡಿ. ಉಂಡೆ ಇಡುವ ಜಾಗದಲ್ಲೇ ವಸಡು ಇಳಿದಿರುತ್ತದೆ. ಕರ್ನಾಟಕದಲ್ಲಿ ಗುಟ್ಕಾ 2013ರಲ್ಲೇ ನಿಷೇಧವಾಗಿದೆ, ಪಾನ್ ಮಸಾಲಾ ಒಂದು ಚೀಟಿ, ತಂಬಾಕು ಒಂದು ಚೀಟಿ ಎಂದು ಎರಡಾಗಿ ಮಾರಾಟ ಮಾತ್ರ ನಿಂತಿಲ್ಲ. ಬಿಡಬೇಕೆನ್ನುವವರಿಗೆ 1800-11-2356 ಎಂಬ ರಾಷ್ಟ್ರೀಯ ಉಚಿತ ಸಹಾಯವಾಣಿ ಇದೆ. ತಂಬಾಕು ಬಿಡದೆ ಮಾಡಿಸಿದ ವಸಡಿನ ಚಿಕಿತ್ಸೆ ತೂತು ಕೊಡಕ್ಕೆ ನೀರು ಹೊತ್ತಂತೆ.

ಡಾಕ್ಟರ ಕುರ್ಚಿಯಲ್ಲಿ: ಸ್ಕೇಲಿಂಗ್, ಆಳದ ಕ್ಲೀನಿಂಗ್, ಸರ್ಜರಿ

ಮೊದಲು ನೋಡಬೇಕಾದದ್ದು, ಡಾಕ್ಟರು ಅಳೆಯುತ್ತಾರೋ ಇಲ್ಲವೋ. ಮಿಲಿಮೀಟರ್ ಗುರುತಿರುವ ತೆಳ್ಳಗಿನ ಪ್ರೋಬ್ ಕಡ್ಡಿಯನ್ನು ವಸಡಿನ ಸಂದಿಗೆ ಇಳಿಸಿ ಹಲ್ಲು ಹಲ್ಲಿಗೂ ಅಳತೆ ಬರೆದುಕೊಂಡರೆ, ಬೇಕಾದಲ್ಲಿ ಎಕ್ಸ್‌ರೇ ತೆಗೆಸಿದರೆ ಸರಿಯಾದ ಜಾಗಕ್ಕೆ ಬಂದಿದ್ದೀರಿ. ಅಳೆಯದೆ ನೇರ ಲೇಸರ್ ಚಿಕಿತ್ಸೆಯ ಮಾತು ತೆಗೆದರೆ ಇನ್ನೊಬ್ಬರನ್ನೂ ಕೇಳಿ. 2018ರಿಂದ ಪೆರಿಯೋಡಾಂಟೈಟಿಸನ್ನೇ ನಾಲ್ಕು ಸ್ಟೇಜುಗಳಾಗಿ ವಿಂಗಡಿಸುವ ಪದ್ಧತಿ ಬಂದಿದೆ. "ನಿಮ್ಮದು ಸ್ಟೇಜ್ 3" ಎಂದು ಕೇಳಿ ಕ್ಯಾನ್ಸರ್ ಎಂದು ಅಳುತ್ತ ಬಂದ ತಾಯಿಯೊಬ್ಬರನ್ನು ನಾನೇ ಸಮಾಧಾನ ಮಾಡಿದ್ದೇನೆ. ಇದು ಬೇರೆ ಸ್ಟೇಜು.

ನಾನು ಹೇಳಿದ ಮೊದಲ ಹಂತಕ್ಕೆ, ಅಂದರೆ ಜಿಂಜಿವೈಟಿಸ್‌ಗೆ, ಸ್ಕೇಲಿಂಗ್ ಸಾಕು. ಸಣ್ಣಗೆ ಅದುರುವ ಯಂತ್ರದ ತುದಿ ನೀರು ಚಿಮ್ಮಿಸುತ್ತ ಕಿಟ್ಟ ಉದುರಿಸುತ್ತದೆ. ಹೆಚ್ಚಾಗಿ ಒಂದೇ ಸಲಕ್ಕೆ ಮುಗಿಯುತ್ತದೆ. ಖಾಸಗಿ ಕ್ಲಿನಿಕ್ಕುಗಳಲ್ಲಿ ಕೆಲವು ನೂರರಿಂದ ಸಾವಿರದ ಆಚೀಚೆ ಕೇಳುತ್ತಾರೆ. ಅವ್ವನ ಎರಡು ವರ್ಷದ ಗಮ್ ಪೇಂಟ್, ಮೌತ್‌ವಾಶ್, ಗುಳಿಗೆಗಳ ಲೆಕ್ಕ ಕೂಡಿ ನೋಡಿದೆ, ಅದಕ್ಕಿಂತ ಹೆಚ್ಚಾಗಿತ್ತು.

"ಕ್ಲೀನ್ ಮಾಡಿಸಿದರ ಹಲ್ಲು ಸಡಲ ಆಗ್ತಾವ" ಎಂಬ ಮಾತು ಈ ಮೂರೂ ಜಿಲ್ಲೆಗಳಲ್ಲಿ ಗಟ್ಟಿಯಾಗಿ ಬೇರೂರಿದೆ. ಅದರ ಹಿಂದೆ ಒಂದು ಅನುಭವ ಇರುವುದೂ ನಿಜ. ಎಲುಬು ಮೊದಲೇ ಕರಗಿದ ಬಾಯಲ್ಲಿ ಕಿಟ್ಟವೇ ಹಲ್ಲು ಹಲ್ಲಿಗೂ ಸಿಮೆಂಟಿನಂತೆ ಕಟ್ಟಿಕೊಂಡಿರುತ್ತದೆ. ತೆಗೆದ ಮೇಲೆ ಒಳಗಿನ ಸಡಿಲು ಬಯಲಾಗುತ್ತದೆ, ಊದಿದ ವಸಡು ಕುಗ್ಗಿ ಸಂದು ಕಾಣುತ್ತದೆ, ಕೆಲವು ದಿನ ತಣ್ಣೀರು ಜುಮ್ಮೆನ್ನುತ್ತದೆ. ಸಡಿಲು ಮಾಡಿದ್ದು ಯಂತ್ರವಲ್ಲ. ಗೋಡೆಗೆ ಒರಗಿದ ಕಸ ತೆಗೆದಾಗ ಬಿರುಕು ಕಂಡರೆ ಕಸ ತೆಗೆದವರನ್ನು ಬೈದರೆ ಹೇಗೆ?

ವಸಡಿನ ಸಂದು 4, 5 ಮಿಲಿಮೀಟರ್ ಆಳ ಆಗಿದ್ದರೆ ಮೇಲಿನ ಸ್ಕೇಲಿಂಗ್ ಸಾಲದು. ವಸಡಿಗೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಬೇರಿನ ಮೇಲಿನ ಕಿಟ್ಟವನ್ನೂ ಕೆರೆದು ನುಣುಪು ಮಾಡುತ್ತಾರೆ. ರೂಟ್ ಪ್ಲೇನಿಂಗ್ ಎನ್ನುತ್ತಾರೆ, ನಮ್ಮ ಜನ "ಡೀಪ್ ಕ್ಲೀನಿಂಗ್" ಎನ್ನುತ್ತಾರೆ. ಎರಡರಿಂದ ನಾಲ್ಕು ಸಲ ಹೋಗಬೇಕಾಗಬಹುದು. ಕೆಲವು ವಾರ ಬಿಟ್ಟು ಮತ್ತೆ ಅಳೆಯುತ್ತಾರೆ. ಹೆಚ್ಚಿನವರಲ್ಲಿ ಸಂದು ಕಿರಿದಾಗಿ ರಕ್ತ ನಿಂತಿರುತ್ತದೆ. ಆಗಲೂ 6 ಮಿಲಿಮೀಟರ್‌ನಷ್ಟು ಆಳ ಉಳಿದ ಕಡೆಗಳಿಗೆ ಮಾತ್ರ ಫ್ಲಾಪ್ ಸರ್ಜರಿ, ವಸಡನ್ನು ಸ್ವಲ್ಪ ತೆರೆದು ಕಣ್ಣಿಗೆ ಕಾಣುವಂತೆ ಸ್ವಚ್ಛ ಮಾಡಿ ಹೊಲಿಯುವುದು. ಕೆಲವು ಆಕಾರದ ಎಲುಬಿನ ಹಳ್ಳಗಳಲ್ಲಿ ಎಲುಬಿನ ಪುಡಿ ತುಂಬಿ ಒಂದಿಷ್ಟು ಬೆಳೆಸಲೂ ಆಗುತ್ತದೆ, ಎಲ್ಲ ಕಡೆ ಅಲ್ಲ. ಆಳದ ಕ್ಲೀನಿಂಗ್ ಮಾಡಿ ಕಾಯದೆ ಮೊದಲ ದಿನವೇ ಸರ್ಜರಿಗೆ ದಿನ ಗೊತ್ತುಮಾಡುವುದು ಅವಸರ.

"ಎಲ್ಲಾ ಕಿತ್ತು ಇಂಪ್ಲಾಂಟ್ ಹಾಕಿಸಿಬಿಡೋಣು" ಎನ್ನುವ ಹುರುಪಿನವರಿಗೆ: ಇಂಪ್ಲಾಂಟ್ ಅಂದರೆ ದವಡೆಯ ಎಲುಬಿಗೆ ಕೂರಿಸುವ ಕೃತಕ ಹಲ್ಲು, ಅದರ ಸುತ್ತಲೂ ಇದೇ ಕೊಳೆ ಇದೇ ರೋಗ ತರುತ್ತದೆ. ಬಾಯಿ ಸ್ವಚ್ಛವಾಗದೆ ಹಾಕಿಸಿದರೆ ದುಡ್ಡೂ ಹೋಗಿ ಎಲುಬೂ ಹೋಗುತ್ತದೆ.

ಸಕ್ಕರೆ ಕಾಯಿಲೆಯವರಿಗೆ ಕ್ಲೀನಿಂಗ್ ಬೇಡ ಎಂದು ಅವ್ವನನ್ನು ನಾನೇ ತಡೆದಿದ್ದೆ, ಗಾಯ ಮಾಯುವುದಿಲ್ಲ ಎಂಬ ಭಯ. ತಿಳಿದದ್ದು ತಿರುಗಾಮುರುಗಾ ಆಗಿತ್ತು. ಸಕ್ಕರೆ ಹೆಚ್ಚಿದ್ದರೆ ವಸಡಿನ ರೋಗ ಬೆಳೆಯುತ್ತದೆ, ವಸಡಿನ ಸೋಂಕು ಸಕ್ಕರೆಯನ್ನು ಏರಿಸುತ್ತದೆ. ಆಳದ ಕ್ಲೀನಿಂಗ್ ಆದ ಮೂರ್ನಾಲ್ಕು ತಿಂಗಳಲ್ಲಿ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸಕ್ಕರೆ ಮಟ್ಟ ತೋರಿಸುವ ರಕ್ತ ಪರೀಕ್ಷೆ) ಸರಾಸರಿ 0.4ರಷ್ಟು ಇಳಿಯುತ್ತದೆ ಎಂದು ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ ಕಂಡಿದೆ. ಒಂದು ಗುಳಿಗೆಗೆ ಹತ್ತಿರದ ಕೆಲಸ. ಸಕ್ಕರೆ ತೀರಾ ಏರಿದ್ದರೆ ಮೊದಲು ಇಳಿಸಿಕೊಂಡು ಬರಲು ಹೇಳುತ್ತಾರೆ, ಬರಲೇಬೇಡಿ ಎನ್ನುವುದಿಲ್ಲ.

ಬಸುರಿಯರಲ್ಲಿ ಹಾರ್ಮೋನಿನಿಂದ ವಸಡು ಊದುವುದು ಸಹಜ. ಹೆರಿಗೆ ಆಗಲಿ ನೋಡೋಣ ಎಂದು ತಳ್ಳುತ್ತಾರೆ. ಸ್ಕೇಲಿಂಗ್ ಬಸುರಿನಲ್ಲೂ ಮಾಡಿಸಬಹುದು, ನಾಲ್ಕರಿಂದ ಆರನೆಯ ತಿಂಗಳು ಕೂರಲೂ ಮಲಗಲೂ ಅನುಕೂಲ. ಬೈಕಿನ ಮೇಲೆ ಹೆಂಡತಿಯನ್ನು ಕೂರಿಸಿ ಬಂದ ಗಂಡನಿಗೆ ನಾನು ಅಂದು ಹೇಳಬೇಕಿದ್ದದ್ದು ಇದು.

ಎಲ್ಲಿಗೆ ಹೋಗುವುದು

ಸಾದಾ ಸ್ಕೇಲಿಂಗ್‌ಗೆ ಊರಿನ ಖಾಸಗಿ ಬಿ.ಡಿ.ಎಸ್. ಡಾಕ್ಟರು ಸಾಕು. ದುಡ್ಡು ತುಸು ಹೆಚ್ಚು, ಅರ್ಧ ದಿನದ ಕೂಲಿ ಉಳಿಯುತ್ತದೆ. ತಾಲ್ಲೂಕು ಆಸ್ಪತ್ರೆಯಲ್ಲೂ ಹಲ್ಲಿನ ಡಾಕ್ಟರು ಇರುತ್ತಾರೆ, ಸ್ಕೇಲಿಂಗ್ ಯಂತ್ರ ನಡೆಯುತ್ತಿದೆಯೇ ಎಂದು ಮೊದಲು ವಿಚಾರಿಸಿ. ಆಳದ ಕ್ಲೀನಿಂಗ್, ಸರ್ಜರಿ ಎಂದಾಗ ವಸಡಿನ ವಿಷಯದಲ್ಲೇ ಎಂ.ಡಿ.ಎಸ್. ಮಾಡಿದ ಪೆರಿಯೋಡಾಂಟಿಸ್ಟ್ ಒಳ್ಳೆಯದು. ಕೆಲವರು ವಾರಕ್ಕೊಮ್ಮೆ ಊರ ಕ್ಲಿನಿಕ್ಕುಗಳಿಗೆ ಬಂದು ಹೋಗುತ್ತಾರೆ, ವಾರ ಯಾವುದು ಕೇಳಿಕೊಳ್ಳಿ.

ಖರ್ಚು ಕಡಿಮೆ ಬೇಕು, ಸಮಯ ಇದೆ ಅನ್ನುವವರಿಗೆ ದಂತ ಕಾಲೇಜು. ಬಳ್ಳಾರಿಯಲ್ಲಿ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿದೆ, ರಾಯಚೂರಿನಲ್ಲಿ ಎ.ಎಂ.ಇ. ಮತ್ತು ನವೋದಯ ಎಂಬ ಎರಡು ಖಾಸಗಿ ದಂತ ಕಾಲೇಜುಗಳಿವೆ. ವಸಡಿಗೇ ಬೇರೆ ವಿಭಾಗ ಇರುತ್ತದೆ. ಕಲಿಯುವ ಹುಡುಗರು ಮಾಡುತ್ತಾರೆಂದು ಹಿಂಜರಿಯುವವರಿದ್ದಾರೆ. ಮೇಷ್ಟ್ರು ಹಿಂದೆ ನಿಂತು ನೋಡುತ್ತಾರೆ, ಹಲ್ಲು ಹಲ್ಲಿಗೂ ಅಳತೆ ಬರೆಯದೆ ಹುಡುಗರನ್ನು ಬಿಡುವುದಿಲ್ಲ. ನಿಧಾನ ಮಾತ್ರ ಹೌದು, ಬುತ್ತಿ ಕಟ್ಟಿಕೊಂಡೇ ಹೋಗಿ.

ಇವೆಲ್ಲ ಹೋಲಿಸುತ್ತ ಕೂರಬಾರದ ಸಂದರ್ಭಗಳೂ ಇವೆ. ಗದ್ದದ ಕೆಳಗೆ ಊತ, ಜ್ವರ, ಬಾಯಿ ತೆರೆಯಲು, ನುಂಗಲು, ಉಸಿರಾಡಲು ಕಷ್ಟವಾದರೆ ಆ ದಿನವೇ ಆಸ್ಪತ್ರೆ, ರಾತ್ರಿಯಾದರೂ. ಎರಡು ವಾರ ದಾಟಿದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಇದ್ದರೆ, ಅದರಲ್ಲೂ ತಂಬಾಕಿನವರಿಗೆ, ಗಮ್ ಪೇಂಟ್ ಕೇಳಿದರೂ ನಾನು ಈಗ ಕೊಡುವುದಿಲ್ಲ, ತೋರಿಸಿಕೊಂಡು ಬನ್ನಿ ಎನ್ನುತ್ತೇನೆ.

ಹೋಗುವಾಗ ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ. ಸಕ್ಕರೆಯವರು ಬೆಳಗಿನ ತಿಂಡಿ, ಗುಳಿಗೆ ಮುಗಿಸಿಕೊಂಡು ಬೆಳಗಿನ ಹೊತ್ತೇ ಹೋಗಿ, ಇತ್ತೀಚಿನ ರಿಪೋರ್ಟು ಜೊತೆಗಿರಲಿ. ರಕ್ತ ತೆಳುವಾಗುವ ಗುಳಿಗೆ ನುಂಗುವವರು, ಹೃದಯಕ್ಕೆ ವಾಲ್ವ್ ಹಾಕಿಸಿಕೊಂಡವರು ಬಾಯಿ ತೆರೆಯುವ ಮೊದಲೇ ಅದನ್ನು ಹೇಳಿ. ಗುಳಿಗೆಯ ಹೆಸರು ನೆನಪಿಲ್ಲದಿದ್ದರೆ ಖಾಲಿ ಪಟ್ಟಿಯನ್ನೇ ಜೇಬಿನಲ್ಲಿ ಇಟ್ಟುಕೊಳ್ಳಿ. ಚಿಕಿತ್ಸೆ ಮುಗಿದ ಮೇಲೆ ಮುಂದಿನ ತಾರೀಖು ಬರೆಸಿಕೊಂಡೇ ಎದ್ದುಬನ್ನಿ. ಎರಡನೇ ಹಂತ ಮುಟ್ಟಿದವರಿಗೆ ಮೂರರಿಂದ ಆರು ತಿಂಗಳಿಗೊಮ್ಮೆ. ಅವ್ವನದು ಮೂರು ತಿಂಗಳಿಗೊಮ್ಮೆ. ಬಾಟ್ಲಿ ಬ್ರಷ್ಷನ್ನು ಸೀರೆಯ ಸೆರಗಿನಲ್ಲಿ ಗಂಟು ಹಾಕಿಕೊಂಡು ಬಸ್ ಹತ್ತುತ್ತಾಳೆ, ಡಾಕ್ಟರಿಗೆ ತೋರಿಸಿ, "ಇದು ಬಗ್ಗೈತಿ, ಹೊಸದು ಬರ್ದು ಕೊಡ್ರಿ, ನನ್ನ ಮಗನ ಅಂಗಡ್ಯಾಗ ಸಿಗ್ತಾವ" ಎನ್ನುತ್ತಾಳೆ.